ಉರುಳದ ಲಿಂಬಿಹಣ್ಣು

ಎಲ್ಲ ಅನಾಹುತಕ್ಕೂ ಮೂಲ ಒಂದು ಲಿಂಬಿಹಣ್ಣು. ಅಮಾವಾಸ್ಯೆಯ ಬೆಳಿಗ್ಗೆ ತೊರವಿಯ ಸತೀಶಕುಮಾರ ಮನೆಮುಂದಿನ ಹಳೇ ಜೀಪು ತೊಳೆದು, ಕುಂಕುಮ ಹಚ್ಚಿ, ಬಾನೆಟ್ಟಿನ ಮೇಲೆ ಪೂಜೆಯ ಲಿಂಬಿಹಣ್ಣು ಇಟ್ಟ. ಹಣ್ಣು ಒಂದು ಕ್ಷಣ ಯೋಚನೆ ಮಾಡಿತು. ಆಮೇಲೆ ಬಲಕ್ಕೆ ಉರುಳಿ, ಟಪ್ಪನೆ ಬಿದ್ದು ಗಟಾರ ಸೇರಿತು.

ಅಷ್ಟೇ ಆಗಿದ್ದರೆ ಇನ್ನೊಂದು ಹಣ್ಣು ತಂದು ಇಡಬಹುದಿತ್ತು. ಆದರೆ ಜೈನಾಪುರದಲ್ಲಿ ಕೂತ ಮಾವ ಶಾಂತಪ್ಪ ವಿಡಿಯೋ ಕಾಲಿನಲ್ಲಿ ಪೂಜೆ ನೋಡುತ್ತಿದ್ದರು. ಜೀಪು ಅವರದು. ಅಳಿಯನ ಬಳಿ ಬಿಟ್ಟಿದ್ದರು, ಕೊಟ್ಟಿರಲಿಲ್ಲ.

"ಅಳಿಯಂದ್ರ, ಪೂಜಿ ಹಣ್ಣ ಬಿದ್ದದ್ದು ಚಲೋ ಅಲ್ಲ. ಸಂಜಿಕ್ಕ ನಾನೇ ಬರ್ತೇನಿ. ನನ್ನ ಕಣ್ಣಮುಂದ ಹಣ್ಣ ನಿಂತ್ರ ಜೀಪ ನಿಮ್ದು. ಉರುಳ್ತಂದ್ರ ಗುಜರಿಗೆ!"

ಪಕ್ಕದಲ್ಲಿ ಹೆಂಡತಿ ನೇತ್ರಾಳನ್ನು ಕೂರಿಸಿಕೊಂಡು ದ್ರಾಕ್ಷಿ ತೋಟಗಳ ನಡುವೆ ತಿಕೋಟಾ ರಸ್ತೆಯಲ್ಲಿ ಹೋಗಬೇಕೆಂಬುದು ಸತೀಶನ ಜೀವದ ಆಸೆ. ಆದರೆ ನೇತ್ರಾ ಒಪ್ಪಿರಲಿಲ್ಲ. "ವಾಲಿದ ಜೀಪಿನಾಗ ನಾ ಹತ್ತಾಂಗಿಲ್ರೀ. ಜಾರಿ ನಿಮ್ಮ ಮ್ಯಾಲೇ ಬೀಳ್ತೇನಿ. ನೋಡಿದ ಮಂದಿ ಏನ ಅಂದಾರು?" ಬೀಳುವುದರ ಬಗ್ಗೆ ಸತೀಶನ ತಕರಾರೇನೂ ಇರಲಿಲ್ಲ. ಮಂದಿಯದೇ ಚಿಂತೆ.

ಕರೆದ ಕೂಡಲೇ ಬಂದ ಮೇಸ್ತ್ರಿ ಮಶಾಕಸಾಬ ಜೀಪಿನಡಿ ಮಲಗಿ ಕೂಗಿದ: "ಯಾ ಅಲ್ಲಾ! ಇಂಜಿನ್ ಕೆಳಗಿನ ತಗಡು ಕಲ್ಲಿಗೆ ಬಡದು ಬಡದು ರೊಟ್ಟಿ ಹಂಚ ಆಗೇತ್ರಿ. ಬಲಗಡೆ ಪಾಟಾ ಅಂತೂ ಅಂಗಾತ ಮಲಗೇತಿ. ಯಾರೋ ಭಾರೀ ಮನಶ್ಯಾ ವರ್ಷಾನುಗಟ್ಲೆ ಈ ಕಡೆ ಕೂತು ಕುಗ್ಗಿಸ್ಯಾನ."

"ಮೆಲ್ಲಕ ಮಾತಾಡ ಮಶಾಕಭಾಯಿ! ಆ ಮನಶ್ಯಾನ ಮಗಳು ಒಳಗ ಚಾ ಮಾಡಾಕತ್ತಾಳ."

ಪಾಟಾ ಎಂದರೆ ಜೀಪಿನ ಭಾರ ಹೊರುವ ಬಾಗಿದ ಉಕ್ಕಿನ ಪಟ್ಟಿ. ಅದನ್ನು ಕಾಯಿಸಿ ಮತ್ತೆ ಬಾಗಿಸಬೇಕಿತ್ತು. ಸತೀಶ ಅದನ್ನು ಬಿಚ್ಚಿಸಿ ಹೆಗಲಿಗೇರಿಸಿ ಕಂಬಾರ ತುಕಾರಾಮನ ಕುಲುಮೆಗೆ ಓಡಿದ. ತುಕಾರಾಮ ಉಕ್ಕು ಬಡಿದು ನೋಡಿ, ಸಂಬಂಧ ಕುದುರಿದವನಂತೆ ಅರಳಿದ.

"ಇಂಥಾ ಉಕ್ಕ ಜೀಪಿನಡಿ ಹಾಕೂದು ಪಾಪರಿ ಸಾಹೇಬ್ರ. ನಾಕ ಕುಡಗೋಲ, ಒಂದ ಕೊಡ್ಲಿ ಆಗತೈತಿ."

"ಒಂದ ಕುಡಗೋಲ ನನಗ!" ಎಂದು ಅಲ್ಲಿ ಕೂತಿದ್ದ ರೈತನೊಬ್ಬ ಆಗಲೇ ಕೈ ಎತ್ತಿದ.

ತುಕಾರಾಮ ಬಾಗಿಸಿಯೇನೋ ಕೊಟ್ಟ. ಆದರೆ ರೈತನ ಕಣ್ಣು ಪಾಟಾ ಬಿಟ್ಟು ಕದಲಲಿಲ್ಲ. ಕಾವಲಿಗೆ ಇದಕ್ಕಿಂತ ಒಳ್ಳೆ ಉಪಾಯವಿಲ್ಲವೆಂದು ಸತೀಶ ಪಾಟಾದ ಮೇಲೇ ಕೂತುಬಿಟ್ಟ. ಕೂತಷ್ಟೇ ಬೇಗ ಎದ್ದ. ಕುಣಿದಾಡಿದವನ ಪ್ಯಾಂಟಿನ ಹಿಂಭಾಗದಲ್ಲಿ ಒಂದು ಕಿಟಕಿ ತೆರೆದಿತ್ತು. ಪಾಟಾ ಆರಿದ ಮೇಲೆ ರೈತನ ಟವೆಲ್ಲನ್ನೇ ಸೊಂಟಕ್ಕೆ ಸುತ್ತಿಕೊಂಡು ಊರ ನಡುವಿನಿಂದ ಮನೆಗೆ ಬಂದ.

ಮನೆಯಲ್ಲಿ ಇನ್ನೊಂದು ಕತೆ. ಮಶಾಕಸಾಬ ತಗಡನ್ನು ಬಡಿದು ಸಪಾಟು ಮಾಡಿ, ಡೀಸೆಲ್ಲಿನಲ್ಲಿ ತೊಳೆದು ಬಿಸಿಲಿಗಿಟ್ಟಿದ್ದ. ಪಕ್ಕದ ಮನೆಯ ಶಂಕ್ರೆವ್ವ ಅದರ ಮೇಲೆ ಮೆಣಸಿನಕಾಯಿ ಹರವಿ, ಕಟ್ಟೆ ತುಂಬಾ ಒಬ್ಬಳೇ ಕೂತಿದ್ದಳು. ಉಳಿದವರು ಆ ಕಟ್ಟೆಯ ಮೇಲೆ ಕೂರಬೇಕಾದರೆ ಅವಳು ಏಳಬೇಕು. ಸತೀಶ ಗಡಿಬಿಡಿಯಲ್ಲಿ ತಗಡು ಎಳೆದ. ಮೆಣಸಿನಕಾಯಿಯ ಘಾಟು ಎದ್ದಿತು. ಜೀಪಿನಡಿ ಇದ್ದ ಮಶಾಕಸಾಬ ಸೀನಿದ ರಭಸಕ್ಕೆ ಅವನ ಹಣೆ ಕಬ್ಬಿಣಕ್ಕೆ ಬಡಿಯಿತು.

"ನಿನ್ನ ತಗಡಿಂದ ನನ್ನ ಮೆಣಸಿನಕಾಯಿಗೆ ಡೀಸೆಲ್ ವಾಸನಿ ಹತ್ತೇತಿ ನೋಡ ತಮ್ಮಾ," ಎಂದಳು ಶಂಕ್ರೆವ್ವ. "ಅದಕ್ಕ ದಂಡ ಅಂತ ತಿಕೋಟಾಕ್ಕ ನನ್ನ ತಂಗಿ ಮನಿಗೆ ನನ್ನ ಬಿಟ್ಟ ಬಾ."

"ನೋಡೂಣ ಆಯಿ, ಮೊದಲ ಜೀಪ ನಿಲ್ಲಲಿ."

ಸಂಜೆಗೆ ಜೀಪು ನಿಂತಿತು, ಅದೂ ಮದುಮಗನ ಹಾಗೆ ನೆಟ್ಟಗೆ! ಬಾನೆಟ್ಟಿನ ಮೇಲಿಟ್ಟ ಲಿಂಬಿಹಣ್ಣು ಮಶಾಕಸಾಬ ಬಾಯಿಯಿಂದ ಊದಿದರೂ ಅಲುಗಲಿಲ್ಲ. ನೇತ್ರಾ ಎರಡು ಸಲ ಸುತ್ತಿ ನೋಡಿ, "ನಾಳೆ ತಿಕೋಟಾ ಕಡೆ ಹೋಗೂಣೇನ್ರೀ?" ಎಂದಳು. ಸತೀಶನಿಗೆ ಸ್ವರ್ಗಕ್ಕೆ ಮೂರೇ ಗೇಣು. ಸುಟ್ಟ ಜಾಗದ ಉರಿಯೂ ಮರೆತುಹೋಯಿತು.

ಅಷ್ಟರಲ್ಲಿ ಜೈನಾಪುರದಿಂದ ಬಸ್ಸು ಹಿಡಿದು ಶಾಂತಪ್ಪ ಬಂದರು. ಬಾಗಿಲಲ್ಲಿ ಅಡ್ಡಡ್ಡ ತೂರಿ ಒಳಬರುವ ಆಳು ಅವರು. "ಕೂತ ನೋಡಬೇಕು" ಎಂದು ಸ್ಟೇರಿಂಗ್ ಹಿಂದೆ ಹತ್ತಿ ಕೂತರು. ಹೊಸದಾಗಿ ಬಾಗಿದ ಪಾಟಾ ಕಿರ್ರೆಂದಿತು. ಲಿಂಬಿಹಣ್ಣು ಒಂದು ಕ್ಷಣ ಯೋಚಿಸಿ, ಬಲಕ್ಕೆ ಉರುಳಿ, ಟಪ್ಪನೆ ಬಿತ್ತು.

ಯಾಕೆ ಬಿತ್ತೆಂದು ಎಲ್ಲರಿಗೂ ಗೊತ್ತಿತ್ತು. ಹೇಳುವವರು ಯಾರು? ಮಾವನ ತೂಕದ ಮಾತು ಅಳಿಯನ ಬಾಯಲ್ಲಿ ಬರಬಾರದು. ನೇತ್ರಾ ಆಕಾಶ ನೋಡಿದಳು. ಮಶಾಕಸಾಬನಿಗೆ ತಟ್ಟನೆ ನಟ್ಟು ತಿರುಗಿಸುವ ಪಾನೆ ಹುಡುಕುವ ಕೆಲಸ ಬಿತ್ತು.

"ಮುಗೀತು! ಗುಜರಿಯವಗ ಫೋನ್ ಹಚ್ರಿ," ಎಂದರು ಶಾಂತಪ್ಪ.

"ಅಯ್ಯ, ಗುಜರಿಗೆ ಹೋಗೂ ಮುಂಚೆ ನನ್ನ ತಂಗಿ ಮನಿಗರೆ ಬಿಡ್ರಿ!" ಎನ್ನುತ್ತ ಶಂಕ್ರೆವ್ವ ಚೀಲದ ಸಮೇತ ಎಡಗಡೆ ಹತ್ತಿ ಧೊಪ್ಪನೆ ಕೂತಳು. ಜೀಪು ನರಳಿ, ತೂಗಿ, ನೆಟ್ಟಗಾಯಿತು. ಮಶಾಕಸಾಬ ಹಣ್ಣನ್ನು ಛಕ್ಕನೆ ಬಾನೆಟ್ಟಿನ ಮೇಲಿಟ್ಟ. ಹಣ್ಣು ಮೊಳೆ ಹೊಡೆದಂತೆ ನಿಂತಿತು.

ಶಾಂತಪ್ಪ ಕೈ ಮುಗಿದರು. "ಯವ್ವಾ, ಏನ ಕಾಲಗುಣ ನಿಂದು! ಅಳಿಯಂದ್ರ, ಜೀಪ ಇನ್ನ ನಿಮ್ದು. ಆದ್ರ ಈ ತಾಯಿ ಮುಂದಿನ ಸೀಟಿನಾಗ ಕೂತ ಹೊರತು ಜೀಪ ಓಣಿ ದಾಟಬಾರ್ದು. ದಾಟ್ತಂದ್ರ ಗುಜರಿ! ದಿನಾ ವಿಡಿಯೋ ಕಾಲ್ ಮಾಡ್ತೇನಿ. ಈಗ ಆಕಿನ್ನ ತಿಕೋಟಾಕ್ಕ ಬಿಟ್ಟ ಬರ್ರಿ. ನಾ ಮಗಳ ಕೈಯಾನ ರೊಟ್ಟಿ ಉಣತೇನಿ."

ಅವರು ಇಳಿದರು, ಸತೀಶ ಹತ್ತಿದ. ಕಡ್ಡಿಯಂಥ ಸತೀಶ ಕೂತರೆ ಜೀಪಿಗೆ ತಿಳಿಯುತ್ತದೆಯೇ? ಇಡೀ ಜೀಪು ಎಡಕ್ಕೆ, ಶಂಕ್ರೆವ್ವನ ಕಡೆ ವಾಲಿತು. ಕಟ್ಟೆಯ ಮೇಲೆ ನಿಂತು ನೇತ್ರಾ ಕೈ ಬೀಸಿದಳು.

ಸಂಜೆಯ ತಂಪು ಗಾಳಿ, ಎರಡೂ ಬದಿ ದ್ರಾಕ್ಷಿ ತೋಟ. ಎಲ್ಲವೂ ಅವನು ಬಯಸಿದಂತೆಯೇ ಇತ್ತು. ಮೊದಲ ತಿರುವಿನಲ್ಲೇ ಸತೀಶ ಸ್ಟೇರಿಂಗ್ ಹಿಡಿದುಕೊಂಡೇ ಸೀಟಿನ ಮೇಲೆ ಸರ್ರನೆ ಜಾರಿ ಶಂಕ್ರೆವ್ವನ ತೋಳಿಗೆ ಬಂದು ಆನಿಕೊಂಡ.

ಶಂಕ್ರೆವ್ವ ಸೆರಗು ಸರಿಮಾಡಿಕೊಂಡಳು.

"ಆ ಕಡೆ ಸರದ ಕೂಡ ತಮ್ಮಾ. ನೋಡಿದ ಮಂದಿ ಏನ ಅಂದಾರು?"