ಕೆಲಸ ಮುಗಿದಿದೆ ಎಂದ ಫುಂಡಿ

ಬಿಟ್ಟುಹೋದದ್ದು ಒಂದೇ ಒಂದು ಅಕ್ಷರ. ಹಡಗು ಕಂಪನಿಯ ಟಿಕೆಟ್ ಆ್ಯಪ್‌ನಲ್ಲಿ ಹಣ ಕಟ್ಟುವ ಗುಂಡಿಯ ಮೇಲೆ ‘ಲಿಪಾ’ ಎಂದಿರಬೇಕಿತ್ತು. ಸ್ವಾಹಿಲಿಯಲ್ಲಿ ಲಿಪಾ ಎಂದರೆ ಹಣ ಕೊಡು; ಬರೆಯುವುದು ಇಂಗ್ಲಿಷ್ ಅಕ್ಷರಗಳಲ್ಲಿ, Lipa ಎಂದು. ಹಿಂದಿನ ದಿನ ಗುಂಡಿಗಳ ಹೆಸರು ಬದಲಿಸುವಾಗ ನಸ್ಸೊರೊ ನಡುವಿನ p ಅಕ್ಷರವನ್ನು ನುಂಗಿಬಿಟ್ಟಿದ್ದ. ಉಳಿದದ್ದು Lia, ‘ಲಿಯಾ’. ಅಂದರೆ, ಅಳು.

ಬೆಳಗ್ಗೆ ಕಚೇರಿಗೆ ಬಂದವನೇ ಅದೇ ಗುಂಡಿಯನ್ನು ಹಸಿರಿನಿಂದ ನೀಲಿ ಮಾಡಿ ಕಳಿಸಿಯೂ ಇದ್ದ. ಬಣ್ಣ ನೋಡಿದ, ಅಕ್ಷರ ನೋಡಲಿಲ್ಲ. ಕೆಳಗಿನ ಅಂಗಡಿಯಲ್ಲಿ ಚಹಾ, ಚಪಾತಿ ಮುಗಿಸಿ ಮೇಲೆ ಬರುವಷ್ಟರಲ್ಲಿ ಆ್ಯಪ್ ಮಾಡಿಕೊಡುವ ಆ ಕಚೇರಿಯ ಮಾಲೀಕರಾದ ಮೇಡಂ ಗೌದೆನ್ಸಿಯಾ ಬಾಗಿಲಲ್ಲೇ ನಿಂತಿದ್ದರು.

“ನಸ್ಸೊರೊ, ಜನ ಟಿಕೆಟ್ ತಗೊಳೋಕೆ ಯಾಕಪ್ಪ ಅಳಬೇಕು?”

“ಅಳಬೇಕಾ ಮೇಡಂ?”

“ಬಂದರಿನಿಂದ ಫೋನ್ ಬಂದಿತ್ತು. ಒಬ್ಬ ಮುದುಕ ಗುಂಡಿ ಓದಿ, ಫೋನಿನ ಎದುರು ಕೂತು ನಿಜವಾಗ್ಲೂ ಅತ್ತನಂತೆ. ಅತ್ತರೂ ಟಿಕೆಟ್ ಬರಲಿಲ್ಲ ಅಂತ ಈಗ ಜಗಳ ಮಾಡ್ತಿದ್ದಾನೆ. ಇದನ್ನ ಸರಿ ಮಾಡದೆ ನೀನು ಈ ಬಾಗಿಲು ದಾಟಬೇಡ.”

ಆದರೆ ಅಂದು ನಸ್ಸೊರೊ ಬಾಗಿಲು ದಾಟಲೇಬೇಕಿತ್ತು. ಜಂಜಿಬಾರಿನಿಂದ ಹಡಗಿನಲ್ಲಿ ಬರುವ ಅತ್ತೆಯನ್ನು ಬಂದರಿನಿಂದ ಕರೆತರಬೇಕಿತ್ತು. ಕಳೆದ ಸಲ ಅವನು ತಡವಾಗಿ ಹೋದದ್ದಕ್ಕೆ ಅತ್ತೆ ಬಿಸಿಲಲ್ಲಿ ಗಂಟಿನ ಮೇಲೆ ಕೂತು ಕಾದಿದ್ದರು. ಆ ಗಂಟಿನ ಕತೆ ದ್ವೀಪದ ಎಲ್ಲ ಮದುವೆಗಳಲ್ಲೂ ಪಲಾವಿನ ಜೊತೆಗೆ ಬಡಿಸಲ್ಪಟ್ಟಿತ್ತು. “ಇನ್ನೊಂದು ಸಲ ಅಮ್ಮನ್ನ ಕಾಯಿಸಿದ್ರೆ, ನಾನು ಅವರ ಜೊತೆಗೇ ಹಡಗು ಹತ್ತುತೀನಿ” ಎಂದಿದ್ದಳು ಹೆಂಡತಿ ತತು. ರಾತ್ರಿ ಫೋನಿನಲ್ಲಿ ಅಮ್ಮ ಟಿಕೆಟ್ ಓದಿ ಹೇಳಿದ್ದನ್ನು ಅವಳು ಗಂಡನಿಗೆ ಒಪ್ಪಿಸಿದ್ದಳು: “ಹತ್ತಕ್ಕೆ ಇಳೀತಾರಂತೆ.”

ಹತ್ತು ಎಂದರೆ ಹೊತ್ತು ಇಳಿದು ನೆರಳು ಉದ್ದವಾಗುವ ವೇಳೆ. ದಾರ್ ಎಸ್ ಸಲಾಮಿನವರು ಗಂಟೆ ಎಣಿಸುವುದು ಸೂರ್ಯ ಹುಟ್ಟಿದ ಹೊತ್ತಿನಿಂದ. ಗಡಿಯಾರ ಬೆಳಗಿನ ಹತ್ತು ತೋರಿಸುತ್ತಿದ್ದರೆ ಬಾಯಿ ನಾಲ್ಕು ಅನ್ನುತ್ತದೆ. ಗಡಿಯಾರ ಸಂಜೆಯ ನಾಲ್ಕು ತೋರಿಸಿದರೆ ಬಾಯಿ ಹತ್ತು ಅನ್ನುತ್ತದೆ. ಕಣ್ಣಿಗೂ ಬಾಯಿಗೂ ನಡುವೆ ಆರು ಗಂಟೆಯ ವ್ಯತ್ಯಾಸ ಇಟ್ಟುಕೊಂಡೇ ಊರೆಲ್ಲ ಬದುಕುತ್ತದೆ. ಯಾರಿಗೂ ಗೊಂದಲವಿಲ್ಲ. ಇಲ್ಲ ಎಂದು ಎಲ್ಲರೂ ನಂಬಿದ್ದಾರೆ.

“ಒಂದಕ್ಷರ ತಾನೆ ಮೇಡಂ, ಕಣ್ಣು ಮಿಟುಕಿಸೋದ್ರೊಳಗೆ ಆಗುತ್ತೆ” ಎಂದು ನಸ್ಸೊರೊ ಕೂತ. ಅವನ ಲ್ಯಾಪ್‌ಟಾಪ್ ರಿಪೇರಿಗೆ ಹೋಗಿತ್ತು. ಹಾಗಾಗಿ ಬಾಗಿಲ ಬಳಿಯ ಹಳೆಯ ಕಂಪ್ಯೂಟರೇ ಗತಿ. ಬಂದುಹೋಗುವವರನ್ನು ವಿಚಾರಿಸುವ, ಎಲ್ಲರೂ ‘ಮ್ಜೇ’, ಅಂದರೆ ಹಿರಿಯರೇ, ಎಂದು ಕರೆಯುವ ಮ್ಜೇ ಕಪಿಂಗಾ ಅದಕ್ಕೆ ಸಹಪಾಲುದಾರ.

ಅಕ್ಷರ ಹಾಕಿದ. ಇನ್ನು ಫುಂಡಿಗೆ ಹೇಳಬೇಕಿತ್ತು.

ಫುಂಡಿ ಎಂದರೆ ಆ ಊರಿನಲ್ಲಿ ಬಡಗಿ, ದರ್ಜಿ, ನಲ್ಲಿ ರಿಪೇರಿಯವನು, ಯಾರು ಬೇಕಾದರೂ. ಈ ಕಚೇರಿಯಲ್ಲಿ ಮಾತ್ರ ಅದು ರೇಕ್ ಎಂಬ ಉಪಕರಣದ ಅಡ್ಡಹೆಸರು. ರೂಬಿ ಎಂಬ ಸ್ಕ್ರಿಪ್ಟ್ ಭಾಷೆಯಲ್ಲಿ ಬರೆದಿಟ್ಟ ಸೂಚನೆಗಳನ್ನು ಓದಿ, ಯಾವ ತುಂಡಿನ ಮೇಲೆ ಯಾವ ತುಂಡು ಎಂದು ನೋಡಿ, ಇಡೀ ಆ್ಯಪ್ ಕಟ್ಟಿಕೊಡುವುದು ಅದರ ಕೆಲಸ. ಒಳ್ಳೆಯ ಅಡುಗೆಯವಳ ಹಾಗೆ ಅದಕ್ಕೊಂದು ಲೆಕ್ಕಾಚಾರವಿದೆ: ಬರೆದುಕೊಟ್ಟದ್ದು ಹಿಟ್ಟು, ಕಟ್ಟಿದ ಆ್ಯಪ್ ಚಪಾತಿ. ಹಿಟ್ಟು ಚಪಾತಿಗಿಂತ ಹೊಸದಾಗಿದ್ದರೆ ಲಟ್ಟಿಸುತ್ತದೆ. ಚಪಾತಿಯೇ ಹೊಸದಾಗಿದ್ದರೆ ಸುಮ್ಮನೆ ಕೂರುತ್ತದೆ.

ಫುಂಡಿ ಸುಮ್ಮನೆ ಕೂತಿತು. ‘ಕೆಲಸ ಮುಗಿದಿದೆ. ಮಾಡಲು ಏನೂ ಇಲ್ಲ’ ಎಂದು ತೆರೆಯ ಮೇಲೆ ಬರೆಯಿತು.

ಗುಂಡಿ ನೋಡಿದರೆ, ಅಳು.

ನಸ್ಸೊರೊ ಮತ್ತೆ ಅಕ್ಷರ ಅಳಿಸಿ ಮತ್ತೆ ಹಾಕಿದ. ಕೆಲಸ ಮುಗಿದಿದೆ. ಎರಡೆರಡು ಸಲ ಹಾಕಿದ. ಕೆಲಸ ಮುಗಿದಿದೆ. ಸಾಲಿನ ಪಕ್ಕದಲ್ಲಿ ಫುಂಡಿಯ ಅಮ್ಮನ ಬಗ್ಗೆ ಒಂದು ಮಾತು ಬರೆದು, ಹೆದರಿ ಅಳಿಸಿದ. ಆಗಲೂ ಮುಗಿದಿದೆ.

“ನನ್ ಮನೆ ಬಾಗಿಲು ಮಾಡೋ ಫುಂಡಿನೂ ಹೀಗೇ” ಎಂದರು ಮ್ಜೇ ಕಪಿಂಗಾ. “ಈದ್‌ಗೆ ಮುಂಚೆ ಕೇಳಿದ್ರೂ ಮುಗೀತು ಅಂದ, ಆಮೇಲೆ ಕೇಳಿದ್ರೂ ಮುಗೀತು ಅಂದ. ಬಾಗಿಲು ಮಾತ್ರ ಇಲ್ಲ. ಅವನಿಗೆ ಮೊದಲು ಚಹಾ ಕುಡಿಸಬೇಕು ಮಗನೇ.”

“ಇದು ಚಹಾ ಕುಡಿಯೋ ಫುಂಡಿ ಅಲ್ಲ, ಮ್ಜೇ.”

“ಅದಕ್ಕೇ ಕೆಲಸ ಮಾಡ್ತಿಲ್ಲ.”

ಪಕ್ಕದ ಮೇಜಿನ ಇಶೆಂಗೊಮಾ ಕುರ್ಚಿ ಸಮೇತ ಉರುಳಿಕೊಂಡು ಬಂದ. ಅವನು ಹೊರದೇಶದಲ್ಲಿ ಓದಿದವನು. ಅದನ್ನು ಇನ್ನೂ ಕೇಳದವರು ಆ ಓಣಿಯಲ್ಲಿ ಯಾರೂ ಉಳಿದಿರಲಿಲ್ಲ. “ನಾನು ಓದಿದ ಕಡೆ ಇಂಥ ಕೆಲಸ ಮಕ್ಕಳು ಮಾಡ್ತಾರೆ. ಸರಿ, ಸರಿ. ಎಲ್ಲ ಗುಡಿಸಿಹಾಕಿ ಮೊದಲಿಂದ ಕಟ್ಟಿಸು ಮಾರಾಯ.”

“ಗುಡಿಸೋದಾ?” ಒಳಗಿನಿಂದ ಮೇಡಂ ಧ್ವನಿ ಬಂತು. “ಹೋದ ತಿಂಗಳು ಇದೇ ಇಶೆಂಗೊಮಾ ಗುಡಿಸು ಅಂದಿದ್ದಕ್ಕೆ, ಕಸದ ಜೊತೆ ಸಾಮಾನೂ ಗುಡಿಸಿಕೊಂಡು ಹೋಯ್ತು. ಈ ಇಂಟರ್ನೆಟ್‌ನಲ್ಲಿ ವಾಪಸ್ ಇಳಿಸ್ಕೊಳೋಕೆ ವಾರ ಹಿಡೀತು. ಗುಡಿಸೋ ಮಾತೆತ್ತಿದ್ರೆ ಇಬ್ಬರನ್ನೂ ಗುಡಿಸ್ತೀನಿ!”

ಇಶೆಂಗೊಮಾ ಕುರ್ಚಿ ಸಮೇತ ಹಿಂದಕ್ಕೆ ಉರುಳಿದ.

ಅಷ್ಟರಲ್ಲಿ ನಸ್ಸೊರೊನ ಫೋನು ಗುಂಯ್‌ಗುಟ್ಟಿತು. ತತು. ಅವನು ಎತ್ತುವ ಮೊದಲೇ ಮೇಡಂ ಹೊರಗೆ ಬಂದು ಕೈಚಾಚಿದರು. “ಕೊಡಿಲ್ಲಿ. ಕೆಲಸ ಆದ್ಮೇಲೆ ತಗೋ.” ಫೋನು ಅವರ ಡ್ರಾಯರ್ ಸೇರಿತು. ಅಲ್ಲಿಂದಲೂ ಅದು ಆಗಾಗ ಡಬ್ಬಿಯೊಳಗಿನ ದುಂಬಿಯಂತೆ ಗೊಣಗುತ್ತಿತ್ತು. ನೆನಪು ಮಾಡ್ತಿದ್ದಾಳೆ ಪಾಪ, ಎಂದುಕೊಂಡ ನಸ್ಸೊರೊ.

ಅವನು ಸೂಚನೆಗಳನ್ನೆಲ್ಲ ಸಾಲುಸಾಲಾಗಿ ಓದಿದ. ಕಂಪ್ಯೂಟರ್ ಆರಿಸಿ ಹೊತ್ತಿಸಿದ. ಬೈದ, ಬೇಡಿಕೊಂಡ. ಮ್ಜೇ ಕಪಿಂಗಾ ನಿಜವಾಗಿಯೂ ಒಂದು ಲೋಟ ಚಹಾ ತರಿಸಿ ಕಂಪ್ಯೂಟರಿನ ಪಕ್ಕದಲ್ಲಿಟ್ಟರು. ಇಶೆಂಗೊಮಾ ಅದನ್ನು ತನ್ನದೆಂದು ಕುಡಿದುಬಿಟ್ಟ. ಊಟದ ಹೊತ್ತು ಕಳೆಯಿತು. ಬಂದರಿನವರು ಮತ್ತೆ ಫೋನ್ ಮಾಡಿ, ಈಗ ಹುಡುಗರು ಟಿಕೆಟ್ ಕಿಟಕಿಯ ಮುಂದೆ ಸಾಲಾಗಿ ನಿಂತು ಸುಳ್ಳು ಅಳು ಅಳುತ್ತಿದ್ದಾರೆಂದೂ, ಎಷ್ಟು ಅತ್ತರೆ ಕಿಟಕಿ ಪಕ್ಕದ ಸೀಟು ಎಂದು ಕೇಳುತ್ತಿದ್ದಾರೆಂದೂ ತಿಳಿಸಿದರು.

“ಗಂಟೆ ಎಷ್ಟಾಯ್ತೋ?” ಮೇಡಂ ಕಿರುಚಿದರು.

ನಸ್ಸೊರೊ ತೆರೆಯ ಮೂಲೆ ನೋಡಿದ. “ಎಂಟು ಮೇಡಂ” ಎಂದ. ಎಂಟು ಎಂದರೆ ಮಧ್ಯಾಹ್ನದ ಎರಡು, ಸರಿಯಾಗಿಯೇ ಇತ್ತು. ಆದರೆ ಹಾಗೆಂದ ಮೇಲೆ ಅವನಿಗೆ ಹೊಳೆಯಿತು. ಮಧ್ಯಾಹ್ನ ಎರಡಕ್ಕೆ ಬಾಯಿ ಎಂಟು ಅನ್ನಬೇಕು, ಹೌದು. ತೆರೆ ಎಂಟು ಅನ್ನಬಾರದು. ಮತ್ತೊಮ್ಮೆ ಬಗ್ಗಿ ನೋಡಿದ. ಎಂಟರ ಪಕ್ಕದಲ್ಲಿ, ಇರುವೆಯಷ್ಟು ಸಣ್ಣಗೆ, ‘ಬೆಳಗ್ಗೆ’ ಎಂದಿತ್ತು.

“ಈ ಗಡಿಯಾರ ಯಾರು ಮುಟ್ಟಿದ್ದು?”

“ನಾನೇ” ಎಂದರು ಮ್ಜೇ ಕಪಿಂಗಾ ಹೆಮ್ಮೆಯಿಂದ. “ನೀನು ಚಹಾಕ್ಕೆ ಹೋದಾಗ. ಸೂರ್ಯ ಹುಟ್ಟಿ ನಾಲ್ಕು ಗಂಟೆ ಆಗಿದೆ, ಈ ಡಬ್ಬ ಹತ್ತು ಅಂತಿತ್ತು! ನಮ್ಮ ದೇಶದಲ್ಲಿದ್ಕೊಂಡು ನಮ್ಮ ಹೊತ್ತು ಗೊತ್ತಿಲ್ಲ ಅಂದ್ರೆ? ಸರಿ ಮಾಡಿದೆ. ಇಷ್ಟು ಹೊತ್ತೂ ನಿಮಗ್ಯಾರಿಗೂ ತಪ್ಪು ಕಂಡಿಲ್ಲ ನೋಡು!”

ಕಂಡಿರಲಿಲ್ಲ. ಹುಟ್ಟಿದಾಗಿನಿಂದ ಬಾಯಲ್ಲಿ ಹೇಳಿಕೊಂಡು ಬಂದದ್ದನ್ನೇ ತೆರೆ ತೋರಿಸುತ್ತಿದ್ದರೆ ಯಾರಿಗೆ ತಾನೆ ಕಂಡೀತು? ಫುಂಡಿಗೆ ಮಾತ್ರ ಕಂಡಿತ್ತು. ನೀಲಿ ಗುಂಡಿಯ ಆ್ಯಪ್ ಕಟ್ಟಿದ್ದು ಗಡಿಯಾರದ ಬೆಳಗಿನ ಒಂಬತ್ತಕ್ಕೆ. ನಸ್ಸೊರೊ ಅಕ್ಷರ ತಿದ್ದಿದ್ದು, ಆ ಗಡಿಯಾರದ ಪ್ರಕಾರ, ಅದಕ್ಕೂ ಎಷ್ಟೋ ಮೊದಲು, ಕೋಳಿ ಕೂಗುವ ಹೊತ್ತಿಗೆ. ಹಿಟ್ಟು ಹಳೆಯದು, ಚಪಾತಿ ಹೊಸದು. ಅದು ಯಾಕೆ ಕೈ ಹಚ್ಚೀತು?

ಗಡಿಯಾರ ಸರಿಮಾಡಿ ಇನ್ನೊಮ್ಮೆ ಅಕ್ಷರ ಹಾಕಿದ. ಫುಂಡಿ ಒಂದೇ ಉಸಿರಿಗೆ ಎಲ್ಲ ಕಟ್ಟಿ ಕೈತೊಳೆದುಕೊಂಡಿತು. ‘ಲಿಪಾ’ ಎಂದಿತು ನೀಲಿ ಗುಂಡಿ.

“ನಾನು ಮೊದಲೇ ಹೇಳಿದ್ನಲ್ಲ, ಚಹಾ” ಎಂದರು ಮ್ಜೇ ಕಪಿಂಗಾ.

ನಸ್ಸೊರೊ ಫೋನು ಕಿತ್ತುಕೊಂಡು ಮೆಟ್ಟಿಲಿಳಿದ. ತತುವಿನ ಕರೆಗಳ ಸಾಲು ಸಾಲು. ತೆರೆದು ನೋಡಲು ಧೈರ್ಯವಾಗಲಿಲ್ಲ. ಅತ್ತೆಯನ್ನು ಕರೆದುಕೊಂಡೇ ಮಾತಾಡೋಣ ಎಂದು ಬಾಡಿಗೆ ಬೈಕು ಬೋಡಾ ಬೋಡಾ ಹತ್ತಿದ. ಬೈಕಿನವನು ಲಾರಿಗಳ ಸಂದಿಯಲ್ಲಿ ಸೂಜಿಗೆ ದಾರ ಪೋಣಿಸಿದಂತೆ ನುಗ್ಗಿದ. ಬಂದರು ಮುಟ್ಟಿದಾಗ ಹತ್ತಕ್ಕೆ ಇನ್ನೂ ಸಾಕಷ್ಟು ಹೊತ್ತಿತ್ತು. ಜನ್ಮದಲ್ಲಿ ಮೊದಲ ಬಾರಿಗೆ ಬೇಗ ಬಂದಿದ್ದೇನೆ ಎಂದು ಅವನು ಅಂಗಿ ಕಾಲರ್ ಸರಿಮಾಡಿಕೊಂಡ.

ಆಗ ಗೇಟಿನ ಬಳಿ ಒಂದು ಗಂಟು ಕಂಡಿತು. ಗಂಟಿನ ಮೇಲೆ ಅತ್ತೆ. ನೆರಳು ಯಾವಾಗಲೋ ಅವರನ್ನು ಬಿಟ್ಟು ಗೋಡೆಯಾಚೆ ಹೋಗಿತ್ತು. ಪಕ್ಕದಲ್ಲಿ, ಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳುವುದನ್ನು ಬಿಟ್ಟು ಓಡಿಬಂದ ತತು, ಕೈಯಲ್ಲಿ ಅಮ್ಮನ ಟಿಕೆಟ್.

“ಹತ್ತಕ್ಕೆ ಅಂದಿದ್ಯಲ್ಲೇ...” ಎಂದ ನಸ್ಸೊರೊ.

“ಟಿಕೆಟ್‌ನಲ್ಲಿ ಬರೆದಿದ್ದನ್ನ ಅಮ್ಮ ಓದಿದ್ರು, ನಾನು ಹೇಳಿದೆ. ನೋಡು.” ಅವಳು ಟಿಕೆಟ್ಟನ್ನು ಅವನ ಮೂಗಿಗೆ ಹಿಡಿದಳು. ಇಳಿಯುವ ಸಮಯ: ಹತ್ತು. ಪಕ್ಕದಲ್ಲಿ, ಇರುವೆಯಷ್ಟು ಸಣ್ಣಗೆ, ‘ಬೆಳಗ್ಗೆ’. ಆ ಸಾಲನ್ನು ಗಡಿಯಾರದ ಲೆಕ್ಕದಲ್ಲಿ ಮುದ್ರಿಸುವಂತೆ ಬರೆದವನು ನಸ್ಸೊರೊನೇ. ಅಷ್ಟು ಸಣ್ಣಗೆ ಬರೆದವನೂ ಅವನೇ.

ಇನ್ನು ಉಳಿದದ್ದು ಮರ್ಯಾದೆಯೊಂದೇ. ಅವನು ತಲೆ ತಗ್ಗಿಸಿ ಹಿರಿಯರಿಗೆ ಹೇಳಬೇಕಾದ ಮಾತು ಹೇಳಿದ: “ಶಿಕಮೂ, ಅಮ್ಮ.”

ಶಿಕಮೂ ಅಂದವರಿಗೆ, ಶತ್ರುವಾದರೂ, ‘ಮರಹಬಾ’ ಎನ್ನಬೇಕು. ಅದು ಸಂಪ್ರದಾಯ. ಅತ್ತೆ ಅನ್ನಲಿಲ್ಲ. ಅಳಿಯನೇ ಮಾಡಿದ ಆ್ಯಪ್ ಎಂಬ ಅಭಿಮಾನದಿಂದ ಹಿಂದಿನ ರಾತ್ರಿ ತಾವೇ ಹಣ ಕಟ್ಟುವ ಆ ಗುಂಡಿ ಒತ್ತಿ ಟಿಕೆಟ್ ತೆಗೆದುಕೊಂಡವರು ಅವರು. ಅಳಿಯನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಗಂಟನ್ನೆತ್ತಿ ಅವನ ತಲೆಯ ಮೇಲಿಟ್ಟು, ತಣ್ಣಗೆ ಒಂದೇ ಮಾತು ಹೇಳಿದರು.

“ಲಿಯಾ.”