ಗುಂಡಿ ಒತ್ತುವ ಅಕ್ಕಾರು

ನಾನು ಜಗಳಗಂಟಿ ಹೆಂಗಸಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಓದಿದವರಿಗೆ ಹಾಗೆ ಅನ್ನಿಸಲಿಕ್ಕಿಲ್ಲ. ಆದರೆ ಯಾವ ಊರಿಗೆ ಕಾರ್ಯಕ್ರಮಕ್ಕೆ ಹೋದರೂ ಸಿಟ್ಟು ಬರಿಸುವಂಥದ್ದೊಂದು ನನಗಾಗಿ ಕಾದೇ ಇರುತ್ತದೆ. ಒಂದೂರಿನ ಸಿಟ್ಟು ಇಳಿಯುವುದರೊಳಗೆ ಇನ್ನೊಂದೂರು ಬಂದಿರುತ್ತದೆ.

ನನ್ನದು ಇಲೆಕ್ಟ್ರಾನಿಕ್ ಸಂಗೀತ. ಮೇಜಿನ ಮೇಲೆ ಒಂದು ಕೀಬೋರ್ಡು, ಸಾಲುಸಾಲು ಗುಂಡಿಗಳಿರುವ ಒಂದು ಯಂತ್ರ, ಒಂದು ಲ್ಯಾಪ್‌ಟಾಪ್ ಇಟ್ಟುಕೊಂಡು, ದನಿಗಳನ್ನು ಅಲ್ಲೇ ಹುಟ್ಟಿಸಿ, ಒಂದರ ಮೇಲೊಂದು ಕೂಡಿಸುತ್ತ ನುಡಿಸುತ್ತೇನೆ. ಪುಣೆಯಲ್ಲಿ, ಗೋವಾದಲ್ಲಿ, ಬೆಂಗಳೂರಿನಲ್ಲಿ ಜನ ಕಣ್ಣು ಮುಚ್ಚಿ ತಲೆದೂಗುತ್ತಾರೆ. ನಮ್ಮ ರೋಣ, ನರಗುಂದ, ಗಜೇಂದ್ರಗಡದ ಕಡೆ ಕಣ್ಣು ತೆರೆದು ಪ್ರಶ್ನೆ ಹಾಕುತ್ತಾರೆ. ಮೊದಲ ಪ್ರಶ್ನೆ ಎಲ್ಲ ಕಡೆಗೂ ಒಂದೇ: "ಗುಂಡಿ ಒತ್ತಿದ ಮ್ಯಾಲ ಅದ ತಾನ ಬಾರಸ್ತೈತಿ. ನಿಮ್ಮ ಕೆಲಸ ಏನ್ರಿ ಅಕ್ಕಾರ?"

ಹಾರ್ಮೋನಿಯಂ ನುಡಿಸುವವರೂ ಒತ್ತುವುದನ್ನೇ ಮಾಡುತ್ತಾರೆ. ಅವರನ್ನು ಮಾತ್ರ ಯಾರೂ ಕೇಳುವುದಿಲ್ಲ.

ನರಗುಂದದ ಮಿಕ್ಸರ್

ನರಗುಂದದ ಒಂದು ಯುವಕ ಮಂಡಳದವರು ಕಾರ್ಯಕ್ರಮಕ್ಕೆ ಕರೆದಿದ್ದರು. ಕಾರ್ಯದರ್ಶಿಗಳು ಫೋನಿನಲ್ಲಿ ಬಹಳ ಮರ್ಯಾದೆಯಿಂದ ಕೇಳಿದರು, "ಅಕ್ಕಾರ, ನಮ್ಮ ಕಡಿಂದ ಏನೇನ್ ತಯಾರಿ ಬೇಕ್ರಿ?"

"ಎರಡು ದೊಡ್ಡ ಸ್ಪೀಕರ್ ಬೇಕ್ರಿ. ಒಂದು ಗಟ್ಟಿ ಮೇಜು. ಆಮೇಲೆ ಒಂದು ಮಿಕ್ಸರ್. ಮಿಕ್ಸರ್ ಚಲೋದಿರಲಿ, ಸಣ್ಣದು ತರಬ್ಯಾಡ್ರಿ" ಎಂದೆ. ನಾನು ಕೇಳಿದ್ದು ಬೇರೆಬೇರೆ ವಾದ್ಯಗಳ ದನಿಯನ್ನು ಕೂಡಿಸಿ ಸ್ಪೀಕರಿಗೆ ಕಳಿಸುವ ಮಿಕ್ಸರ್.

ಹೋಗಿ ನೋಡಿದರೆ ವೇದಿಕೆಯ ಮೇಲೆ ಮೇಜು, ಮೇಜಿನ ಮೇಲೆ ಜರಿಯಂಚಿನ ಬಟ್ಟೆ, ಬಟ್ಟೆಯ ಮೇಲೆ ಅಡುಗೆಮನೆಯ ಮಿಕ್ಸರ್. ಪಕ್ಕದಲ್ಲಿ ಅದರ ಜಾರುಗಳನ್ನು ತೊಳೆದು, ಒರೆಸಿ, ಸಾಲಾಗಿ ಇಟ್ಟಿದ್ದರು.

"ಮನ್ಯಾಂದ ತಂದೀನ್ರಿ" ಎಂದರು ಕಾರ್ಯದರ್ಶಿಗಳು. "ನೀವು ಚಲೋದು ಬೇಕಂದಿದ್ರಿ. ನಮ್ಮ ಓಣ್ಯಾಗ ಇದಕ್ಕಿಂತ ಚಲೋದು ಇಲ್ಲ."

ನನಗೆ ತಲೆ ಕೆಟ್ಟುಹೋಯಿತು. ಇದರಲ್ಲಿ ನಾನು ರಾಗ ಅರೆಯಬೇಕೇ ಎಂದು ಕೇಳಿಯೂಬಿಟ್ಟೆ. ಅವರು ಪಾಪ, "ನಿಮ್ಮ ವಿದ್ಯಾ ನಮಗೇನ್ ತಿಳೀತೈತ್ರಿ" ಎಂದು ಕೈ ಮುಗಿದರು. ಕೊನೆಗೆ ಮೈಕಿನ ಅಂಗಡಿಯವರ ಹಳೆಯ ಆಂಪ್ಲಿಫೈಯರ್ ಡಬ್ಬಿಗೆ ವೈರು ಸಿಕ್ಕಿಸಿ ಹೇಗೋ ನುಡಿಸಿದೆ. ಮಿಕ್ಸರ್ ಮೇಜಿನ ಮೇಲೆಯೇ ಉಳಿಯಿತು, ಅದನ್ನು ಇಳಿಸುವಷ್ಟು ಪುರುಸೊತ್ತು ಯಾರಿಗೂ ಇರಲಿಲ್ಲ.

ಕಾರ್ಯಕ್ರಮ ಮುಗಿದ ಮೇಲೆ ಮೊದಲ ಸಾಲಿನಲ್ಲಿ ಕೂತಿದ್ದ ಒಬ್ಬ ಹೆಣ್ಣುಮಗಳು ಮೇಲೆ ಬಂದರು. ಕಾರ್ಯದರ್ಶಿಗಳ ಹೆಂಡತಿ. ಮುಖ ಸಣ್ಣದು ಮಾಡಿಕೊಂಡಿದ್ದರು. ಜಾರುಗಳನ್ನು ಒಂದೊಂದಾಗಿ ಚೀಲಕ್ಕೆ ಹಾಕಿಕೊಳ್ಳುತ್ತ ಅಂದರು, "ಎಲ್ಲಾ ಬಾರಿಸಿದ್ರಿ. ನಮ್ಮದನ್ನಷ್ಟ ಮುಟ್ಟಲಿಲ್ಲ ನೋಡ್ರಿ."

ಉತಾರ

ನರೇಗಲ್ಲಿನಲ್ಲಿ ಸಂತೆಯ ದಿನ ಬಯಲು ವೇದಿಕೆಯ ಮೇಲೆ ನುಡಿಸಬೇಕಾಗಿತ್ತು. ಸಂತೆಗೆ ಬಂದವರು ಕಾಯಿಪಲ್ಯೆಯ ಚೀಲ ಹಿಡಿದು ನಿಂತು ಕೇಳುತ್ತಿದ್ದರು. ನನಗೂ ಹುರುಪು ಬಂದಿತ್ತು. ಸಣ್ಣ ದನಿಯಿಂದ ಸುರು ಮಾಡಿ, ನಿಧಾನಕ್ಕೆ ಏರಿಸುತ್ತ, ತಾಳ ಬಂದು ಕೂಡುವ ಜಾಗಕ್ಕೆ ಬಂದಿದ್ದೆ. ಆ ಜಾಗದಲ್ಲಿ ನನಗೆ ಎರಡು ಕೈ ಸಾಲುವುದಿಲ್ಲ.

ಆಗ ರುಮಾಲು ಸುತ್ತಿದ ಹಿರಿಯರೊಬ್ಬರು ಮೆಟ್ಟಿಲು ಹತ್ತಿ ಬಂದು ನನ್ನ ಮಗ್ಗುಲಲ್ಲಿ ನಿಂತರು. ಹರಸಲು ಬಂದಿದ್ದಾರೆ ಅಂದುಕೊಂಡೆ. ಅವರು ಲ್ಯಾಪ್‌ಟಾಪಿನೊಳಗೆ ಇಣುಕಿ ನೋಡಿದರು. ಆಮೇಲೆ ಕಿವಿಯ ಹತ್ತಿರ ಬಾಗಿ ಕೇಳಿದರು, "ಬಾಯಾರ, ನಮ್ಮ ಹೊಲದ ಉತಾರ ಒಂದ ತಗದ ಕೊಡ್ರಿ." ಹೊಲದ ಪಹಣಿಗೆ ನಮ್ಮ ಕಡೆ ಉತಾರ ಅನ್ನುತ್ತಾರೆ; ಕಚೇರಿಯಲ್ಲಿ ಕಂಪ್ಯೂಟರಿನಿಂದ ತೆಗೆದುಕೊಡುತ್ತಾರೆ.

"ಅಜ್ಜಾರ, ನಾ ಉತಾರ ತಗಿಯಾಕಿ ಅಲ್ರಿ. ಸಂಗೀತ ಬಾರ್ಸಾಕತ್ತೀನಿ" ಎಂದೆ.

"ಬಾರಸ್ರಿ, ಬ್ಯಾಡ ಅನ್ನಂಗಿಲ್ಲ. ಕಂಪ್ಯೂಟರ್ ಹೆಂಗೂ ಹಚ್ಚೀರಿ."

"ಇದರಾಗ ಉತಾರ ಬರಂಗಿಲ್ರಿ ಅಜ್ಜಾರ."

ಇಷ್ಟು ಹೇಳುವಷ್ಟರಲ್ಲಿ ತಾಳ ಎಲ್ಲೋ ಹೋಗಿತ್ತು, ನಾನು ಎಲ್ಲೋ ಇದ್ದೆ. ನಿಂತಿದ್ದ ಜನ ಚೀಲ ಎತ್ತಿಕೊಂಡು ಹೊರಡತೊಡಗಿದ್ದರು. ಸಿಟ್ಟಿನಲ್ಲಿ ಸಿಕ್ಕಸಿಕ್ಕ ಗುಂಡಿ ಒತ್ತಿದೆ. ಅಜ್ಜನವರಿಗೆ ಅದು ಕಾಣಿಸಿತೇನೋ, ಬಹಳ ಕನಿಕರದಿಂದ ಸಮಾಧಾನ ಹೇಳಿದರು: "ಸರ್ವರ್ ಇಲ್ಲಂದ್ರ ನೀವರ ಏನ್ ಮಾಡ್ತೀರಿ ತಗೋರಿ. ನಾಳಿ ಬರ್ತೀನಿ."

ರಾಜೂರ ದಾಟಿದ ಮೇಲೆ

ಗಜೇಂದ್ರಗಡದಿಂದ ರೋಣಕ್ಕೆ ಬಸ್ಸಿನಲ್ಲಿ ಹೊರಟಿದ್ದೆ. ಯಂತ್ರದ ಪೆಟ್ಟಿಗೆ ತೊಡೆಯ ಮೇಲಿತ್ತು. ಕಂಡಕ್ಟರು ಬಂದು ಅದನ್ನು ಬೆರಳಿನಿಂದ ಬಡಿದು ನೋಡಿದರು. "ಇದರಾಗ ಏನೈತ್ರಿ?"

"ವಾದ್ಯ ಐತ್ರಿ."

"ಯಾವ ವಾದ್ಯ? ತಂತಿ ಇಲ್ಲ, ಚರ್ಮ ಇಲ್ಲ. ಊದಾಕ ತೂತರ ಎಲ್ಲೈತಿ?" ಎಂದು ಅವರು ಇಡೀ ಬಸ್ಸಿಗೆ ಕೇಳುವಂತೆ ವಿಚಾರಣೆ ಸುರು ಮಾಡಿದರು. ಹಿಂದಿನ ಸೀಟಿನವರು, "ಬಾರ್ಸಿ ತೋರ್ಸಂತ ಹೇಳ್ರಿ, ಖರೇ ಗೊತ್ತಾಕ್ಕೈತಿ" ಎಂದರು. ನನ್ನ ಮಾತಿನ ಮೇಲೆ ಇಷ್ಟು ಅನುಮಾನವೇ ಎಂದು ನನಗೂ ಹಟ ಬಂತು. ಯಂತ್ರಕ್ಕೆ ಬ್ಯಾಟರಿ ಇತ್ತು, ಅದರದೇ ಪುಟ್ಟ ಸ್ಪೀಕರೂ ಇತ್ತು. ನನಗೆ ಬಹಳ ಪ್ರೀತಿಯ ಒಂದು ದನಿ ಇದೆ; ತಂಬೂರಿಯ ಹಾಗೆ ಸುರುವಾಗಿ ಕೆಳಗೆ ಕೆಳಗೆ ಇಳಿದು ಗುಂಯ್ ಎಂದು ನಿಲ್ಲುವಂಥದ್ದು. ಅದನ್ನು ಕಟ್ಟಲು ನನಗೆ ಒಂದು ಬೇಸಿಗೆ ಹಿಡಿದಿತ್ತು. ಅದನ್ನೇ ಹಚ್ಚಿದೆ.

ಬಸ್ಸು ನಿಂತಿತು. ರಾಜೂರ ದಾಟಿ ಸ್ವಲ್ಪ ದೂರ ಬಂದಿದ್ದೆವು, ಎರಡೂ ಕಡೆ ಬರೀ ಹೊಲ. ಡ್ರೈವರು ಕೆಳಗಿಳಿದು ಮುಂದಿನ ಮುಚ್ಚಳ ಎತ್ತಿ ಇಂಜಿನ್ನಿನೊಳಗೆ ತಲೆ ಹಾಕಿದರು.

ನಾನು ಯಂತ್ರ ಬಂದ್ ಮಾಡಿ ಕೆಳಗಿಳಿದು ಹೇಳಿದೆ, "ಡ್ರೈವರ್ ಸಾಹೇಬ್ರ, ಅದು ಇಂಜಿನ್ ಅಲ್ರಿ. ನನ್ನ ವಾದ್ಯದ ದನಿ."

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಇಪ್ಪತ್ತ ವರ್ಷ ಗಾಡಿ ಹೊಡದೀನ್ರಿ ನಾ. ಅದು ಬೇರಿಂಗ್ ಹೋಗಿದ್ದ ಆವಾಜ."

ಮತ್ತೆ ನುಡಿಸಿ ತೋರಿಸಿದೆ. ಅವರು ಕಣ್ಣು ಮುಚ್ಚಿ ಪೂರ್ತಿ ಕೇಳಿದರು. ನನ್ನ ಸಂಗೀತವನ್ನು ಈ ಕಡೆ ಯಾರಾದರೂ ಅಷ್ಟು ಗಮನವಿಟ್ಟು ಕೇಳಿದ್ದು ಅದೇ ಮೊದಲು. ಕಣ್ಣು ತೆರೆದು ಹೇಳಿದರು, "ಹಂಗಾರ ನಿಮ್ಮದರ ಬೇರಿಂಗ್ ಹೋಗೈತ್ರಿ. ಲಗೂ ತೋರಿಸ್ಕೋರಿ."

ಮಗ್ಗದ ಓಣಿ

ಗಜೇಂದ್ರಗಡದ ನೇಕಾರರ ಓಣಿಗೆ ನಾನು ಹೋದದ್ದು ಕಲಿಯಲಿಕ್ಕೂ ಅಲ್ಲ, ಸೀರೆ ಕೊಳ್ಳಲಿಕ್ಕೂ ಅಲ್ಲ. ಮಗ್ಗಗಳ ಸದ್ದು ಬೇಕಿತ್ತು. ಚಿಕ್ಕಂದಿನಲ್ಲಿ ಆ ಓಣಿಯಲ್ಲಿದ್ದ ಸೋದರತ್ತೆಯ ಮನೆಗೆ ಹೋದಾಗಲೆಲ್ಲ ಆ ಟಕ್‌ಪಟ್ ಕೇಳುತ್ತಲೇ ನಿದ್ದೆ ಹೋಗುತ್ತಿದ್ದೆ. ಅದನ್ನು ಮುದ್ರಿಸಿಕೊಂಡು, ಅದರ ತಾಳದ ಮೇಲೆ ಒಂದು ದೊಡ್ಡ ಕೃತಿ ಕಟ್ಟುವ ಆಸೆ.

ಹಿಂದಿನ ದಿನವೇ ಅತ್ತೆಗೆ ಹೇಳಿಕಳಿಸಿದ್ದೆ: "ರೆಕಾರ್ಡಿಂಗ್ ಮಾಡಾಕ ಬರ್ತೀನಿ." ಅದೊಂದೇ ತಪ್ಪು ತಿಳಿವಳಿಕೆಗೆ ಸಾಕಾಯಿತು. ಹೋದಾಗ ಓಣಿಗೆ ನೀರು ಹೊಡೆದಿದ್ದರು. ಹೆಣ್ಣುಮಕ್ಕಳೆಲ್ಲ ಇಸ್ತ್ರಿ ಮಾಡಿದ ಸೀರೆ ಉಟ್ಟು ಬಾಗಿಲಲ್ಲಿ ನಿಂತಿದ್ದರು. ನಾನು ಹೆಡ್‌ಫೋನ್ ಏರಿಸಿ ಮೈಕು ಹಿಡಿದು ನಡೆದೆ. ಕಿವಿಯಲ್ಲಿ ಏನೂ ಇಲ್ಲ. ವೈರು ಬಿಚ್ಚಿ ಮತ್ತೆ ಸಿಕ್ಕಿಸಿದೆ. ಆಗಲೂ ಏನೂ ಇಲ್ಲ. ಹೆಡ್‌ಫೋನ್ ತೆಗೆದರೆ ಓಣಿಯೇ ಗಪ್ಪಾಗಿತ್ತು.

"ಅತ್ತಿ, ಮಗ್ಗ ಯಾಕ ನಡಿವಲ್ವು?"

"ನೀ ರೆಕಾರ್ಡಿಂಗ್ ಮಾಡಾಕ ಬರ್ತೀಯಲ್ಲ, ಗದ್ಲ ಆಕ್ಕೈತಂತ ಎಲ್ಲಾರಿಗೂ ಬಂದ್ ಮಾಡಾಕ ಹೇಳೀನಿ" ಎಂದಳು ಅತ್ತೆ. "ಒಬ್ಬಾಂವ ಕೇಳವಲ್ಲನಾಗಿದ್ದ, ಬೈದು ಬಂದ್ ಮಾಡಿಸಿದೆ."

"ಅತ್ತಿ, ನನಗ ಆ ಗದ್ಲನ ಬೇಕಾಗಿತ್ತು."

ಅತ್ತೆ ನನ್ನ ಹಣೆ ಮುಟ್ಟಿ ನೋಡಿದಳು. ನಾನು ಮನೆಮನೆಗೆ ಹೋಗಿ, ದಯಮಾಡಿ ಸುರು ಮಾಡಿ ಎಂದು ಕೇಳಿಕೊಂಡೆ. ಸುರುವೂ ಮಾಡಿದರು. ಆದರೆ ಮೈಕು ಹತ್ತಿರ ಹಿಡಿದ ಕೂಡಲೇ ಮಗ್ಗದವರು ಕೈ ನಿಲ್ಲಿಸಿ, ಗಂಟಲು ಸರಿ ಮಾಡಿಕೊಂಡು, ತಮ್ಮ ಹೆಸರು, ಅಪ್ಪನ ಹೆಸರು, ಎಷ್ಟು ತಲೆಮಾರಿನಿಂದ ನೇಯುತ್ತಿದ್ದೇವೆ ಎಂಬುದನ್ನು ಹೇಳತೊಡಗುತ್ತಿದ್ದರು. ನಡುವೆ ನಿಲ್ಲಿಸಲು ನನಗೆ ಬಾಯಿ ಬರಲಿಲ್ಲ. ಸಂಜೆಯವರೆಗೆ ಇದೇ ಆಯಿತು. ಹೊರಡುವಾಗ ಅತ್ತೆ ಚಾ ಕೊಟ್ಟು, ಬಾಗಿಲವರೆಗೆ ಬಂದು ಸಣ್ಣ ದನಿಯಲ್ಲಿ ಕೇಳಿದಳು, "ಖರೇ ಹೇಳು, ಪ್ಯಾಟ್ಯಾಗ ಗದ್ಲಾ ಕೇಳಾಕೂ ಮಂದಿ ಬರ್ತಾರೇನು?"

ಬರುತ್ತಾರೆ ಅಂದೆ.

"ಅವರಿಗೆ ಮನಿ ಇಲ್ಲೇನವಾ?" ಎಂದಳು.

ಸಾವ್ಕಾರರ ಭಾಷಣ

ಇವೆಲ್ಲವನ್ನೂ ನುಂಗಿಕೊಂಡೆ. ರೋಣದಲ್ಲಿ ಆದದ್ದನ್ನು ಮಾತ್ರ ಇನ್ನೂ ನುಂಗಲಾಗಿಲ್ಲ.

ರೋಣ ನಾನು ಹುಟ್ಟಿದ ಊರು. ಅಲ್ಲಿ ಅದೇ ಮೊದಲ ಕಾರ್ಯಕ್ರಮ. ನಾನು ನುಡಿಸುವುದನ್ನು ಒಮ್ಮೆಯೂ ನೋಡದ ನನ್ನ ಅವ್ವ, ಅಕ್ಕಪಕ್ಕದ ಮನೆಯವರನ್ನೆಲ್ಲ ಕರೆದುಕೊಂಡು ಮುಂದೆ ಕೂತಿದ್ದಳು. ಮಗಳು ಊರೂರು ತಿರುಗುವುದು ಯಾಕೆ ಎಂದು ಕೇಳುವವರಿಗೆ ಅವತ್ತು ಉತ್ತರ ಸಿಗಬೇಕಿತ್ತು. ನಾನು ಅವಳಿಗಾಗಿಯೇ ಹೊಸದೊಂದನ್ನು ಕಟ್ಟಿಕೊಂಡು ಬಂದಿದ್ದೆ.

ಮುಖ್ಯ ಅತಿಥಿಗಳು ಪೇಟೆಯ ಹಿರಿಯ ವ್ಯಾಪಾರಸ್ಥರು. ಊರಿಗೆಲ್ಲ ಅವರು ಸಾವ್ಕಾರರು. ಅವರ ಭಾಷಣಕ್ಕೆ ಮೊದಲು, ಕಾರ್ಯಕ್ರಮ ಇಟ್ಟಿದ್ದ ಸಂಘದವರ ಮೈಕು ಕೆಟ್ಟಿತು. ನನ್ನನ್ನು ಒಂದು ಮಾತೂ ಕೇಳದೆ ಸಾವ್ಕಾರರನ್ನು ಕರೆತಂದು ನನ್ನ ಮೇಜಿನ ಮುಂದೆ, ನನ್ನ ಮೈಕಿಗೆ ನಿಲ್ಲಿಸಿದರು. ಆ ಮೈಕು ನೇರವಾಗಿ ನನ್ನ ಯಂತ್ರದೊಳಗೆ ಹೋಗುತ್ತದೆ. ಒಂದು ದೊಡ್ಡ ಗುಂಡಿ ಒತ್ತಿದರೆ ಮೈಕಿನ ಮಾತನ್ನು ಅದು ಹಿಡಿದಿಟ್ಟುಕೊಳ್ಳುತ್ತದೆ. ಮತ್ತೆ ಒತ್ತಿದರೆ ಆ ಮಾತನ್ನೇ ತಿರುತಿರುಗಿ ನುಡಿಯುತ್ತದೆ. ಹುಷಾರಾಗಿರಿ ಎಂದು ಹೇಳಲು ಹೋದೆ. "ಕುಂದ್ರವಾ ತಂಗಿ, ಎರಡ ಮಾತ ಆಡಿ ಇಳಿತೀನಿ" ಎಂದರು.

ಆ ಎರಡು ಮಾತು ಮುಗಿಯಲೇ ಇಲ್ಲ. ನನ್ನ ಹೊತ್ತೆಲ್ಲ ಅವರ ಬಾಯಿಗೆ ಹೋಗುತ್ತಿತ್ತು. ಅವ್ವನ ಪಕ್ಕದವರು ಆಕಳಿಸುತ್ತಿದ್ದರು. ಸಾವ್ಕಾರರಿಗೆ ಮಾತಿನ ಜೋರಿನಲ್ಲಿ ಮೇಜು ಗುದ್ದುವ ಅಭ್ಯಾಸ. ಗುದ್ದು ದೊಡ್ಡ ಗುಂಡಿಯ ಮೇಲೆ ಬಿತ್ತು. "ಇನ್ನೊಂದ ಮಾತ ಹೇಳಿ ಮುಗಸ್ತೀನಿ" ಎಂದು ಮತ್ತೊಮ್ಮೆ ಗುದ್ದಿದರು.

ಎರಡು ದೊಡ್ಡ ಸ್ಪೀಕರುಗಳಿಂದ ಬಂತು: "ಇನ್ನೊಂದ ಮಾತ ಹೇಳಿ ಮುಗಸ್ತೀನಿ. ಇನ್ನೊಂದ ಮಾತ ಹೇಳಿ ಮುಗಸ್ತೀನಿ."

ಸಾವ್ಕಾರರು ಹಿಂದೆ ತಿರುಗಿ ನೋಡಿದರು. ಯಾರೋ ಅಣಕಿಸುತ್ತಿದ್ದಾರೆ ಎಂದುಕೊಂಡು ಮತ್ತೆ ಗುದ್ದಿ, "ಯಾಂವಲೇ ಅಂವಾ?" ಎಂದರು. ಯಂತ್ರ ಅದನ್ನೂ ಹಿಡಿದು ಮೇಲೆ ಕೂಡಿಸಿಕೊಂಡಿತು. "ಇನ್ನೊಂದ ಮಾತ ಹೇಳಿ ಮುಗಸ್ತೀನಿ, ಧಬ್, ಯಾಂವಲೇ ಅಂವಾ, ಧಬ್." ಗುದ್ದೇ ತಾಳವಾಗಿಬಿಟ್ಟಿತ್ತು. ಆಕಳಿಸುತ್ತಿದ್ದವರು ಎದ್ದು ಕೂತು ಚಪ್ಪಾಳೆ ತಟ್ಟತೊಡಗಿದರು.

ನಾನು ಬಂದ್ ಮಾಡಲು ಓಡಿದೆ. ಸಂಘದ ಅಧ್ಯಕ್ಷರು ಅಡ್ಡ ಬಂದು ಕೈ ಹಿಡಿದರು. "ಇರ್ಲಿ ಬಿಡ್ರಿ ಅಕ್ಕಾರ, ಈಗ ಚಲೋ ಬರಾಕತ್ತೈತಿ."

ಸಾವ್ಕಾರರಿಗೂ ಅಷ್ಟರಲ್ಲಿ ಸಂಗತಿ ತಿಳಿಯಿತು. ನಾಚುತ್ತಾರೆ ಅಂದುಕೊಂಡೆ. ಅವರು ಧೋತರದ ಚುಂಗು ಸರಿಪಡಿಸಿಕೊಂಡು, ತಮ್ಮದೇ ದನಿಗೆ ತಾವೇ ತಲೆದೂಗುತ್ತ ಮತ್ತೆ ಎರಡು ಗುದ್ದು ಕೊಟ್ಟರು. ಜನ ಸಿಳ್ಳೆ ಹೊಡೆದರು. ಅದು ನಿಲ್ಲುವಷ್ಟರಲ್ಲಿ ಹೊತ್ತು ಮೀರಿತ್ತು, ವಂದನಾರ್ಪಣೆಯೂ ಆಗಿಹೋಯಿತು. ನಾನು ಒಂದು ಗುಂಡಿಯನ್ನೂ ಮುಟ್ಟಿರಲಿಲ್ಲ.

ಅವ್ವ ಕಣ್ಣೊರೆಸಿಕೊಳ್ಳುತ್ತ ಬಂದಳು, ನಕ್ಕು ನಕ್ಕು ನೀರು ಬಂದಿತ್ತು. "ಸಾವ್ಕಾರ್ರು ಇಷ್ಟ ಚಲೋ ಹಾಡ್ತಾರಂತ ಗೊತ್ತ ಇರಲಿಲ್ಲ ನೋಡವಾ" ಎಂದಳು. ನಾನು ಅವಳ ಜೊತೆ ಎರಡು ದಿನ ಸರಿಯಾಗಿ ಮಾತಾಡಲಿಲ್ಲ.

ಮೂರನೆಯ ದಿನ ಸಾವ್ಕಾರರ ಫೋನು ಬಂತು. ಕ್ಷಮೆ ಕೇಳಲಿಕ್ಕೆ ಇರಬೇಕು ಎಂದು ಗಂಭೀರವಾಗಿ ಎತ್ತಿದೆ.

"ತಂಗಿ, ಮುಂದಿನ ವಾರ ಇಟಗಿಯಾಗ ನಂದೊಂದು ಕಾರ್ಯಕ್ರಮ ಇಟ್ಟಾರ" ಎಂದರು. "ನನಗ ಸಾಥ್ ಕೊಡಾಕ ಬರ್ತಿಯೇನು?"

ನನಗೆ ಮೈಯೆಲ್ಲ ಉರಿಯಿತು. ಹದಿನೈದು ವರ್ಷದ ನನ್ನ ಸಾಧನೆ, ನನ್ನ ಯಂತ್ರ, ನನ್ನ ಮೈಕು, ಈಗ ನಾನೇ ಇವರಿಗೆ ಪಕ್ಕವಾದ್ಯದವಳು. ಒಂದೊಂದೇ ಅಕ್ಷರ ಬಿಡಿಸಿ ಹೇಳಿದೆ, "ಸಾವ್ಕಾರ್ರ, ನನಗ ಬರಾಕ ಆಗಂಗಿಲ್ರಿ."

ಅವರು ಸ್ವಲ್ಪವೂ ಬೇಸರ ಮಾಡಿಕೊಳ್ಳಲಿಲ್ಲ.

"ಚಿಂತಿಲ್ಲ ಬಿಡವಾ, ನೀ ಆರಾಮ ಇರು. ಆ ಪೆಟಿಗಿ ಅಷ್ಟ ಕೊಟ್ಟ ಕಳಸು."