ಷಡ್ಡಕನ ಗ್ಯಾಲಕ್ಸಿಗೆ ನಾನೆಳೆದ ಗೆರೆ

ನನ್ನ ಷಡ್ಡಕನಿಗೆ, ಅಂದರೆ ಹೆಂಡತಿಯ ತಂಗಿಯ ಗಂಡನಿಗೆ, ಹುಚ್ಚು ಎಂದು ನಾನು ಹೇಳುವುದಿಲ್ಲ. ಕೆನಡಾದ ವಿಟ್ಬಿ ಊರಿನಲ್ಲಿರುವ ಅವನ ನೆರೆಯವರು ಹೇಳುತ್ತಾರೆ. ನಾನು ಅಲ್ಲಿಂದ ಗಂಟೆ ದಾರಿಯ ಸ್ಟ್ರೀಟ್ಸ್‌ವಿಲ್‌ನಲ್ಲಿ ಕೂತು ತಲೆಯಾಡಿಸುತ್ತೇನೆ, ಅಷ್ಟೆ!

ಕಾರಿನ ಬಿಡಿಭಾಗಗಳ ಫ್ಯಾಕ್ಟರಿಯಿಂದ ರಿಟೈರಾದವನು ಎಲ್ಲರಂತೆ ಟೊಮೇಟೊ ಬೆಳೆಯಬಾರದೆ? ಇವನು ಹಿತ್ತಲಲ್ಲಿ ಟೆಲಿಸ್ಕೋಪು ನಿಲ್ಲಿಸಿ, ಎಂಟು ವರ್ಷದಿಂದ ಕನ್ಯಾ ರಾಶಿಯ ದಿಕ್ಕಿನ ಒಂದೇ ಗ್ಯಾಲಕ್ಸಿಯ ಫೋಟೋ ತೆಗೆಯುತ್ತಿದ್ದಾನೆ. ಅದರ ನಡುವಿನ ದೈತ್ಯ ಕಪ್ಪುಕುಳಿಯ ಬಳಿಯಿಂದ, ಹೆಚ್ಚುಕಡಿಮೆ ಬೆಳಕಿನ ವೇಗದಲ್ಲೇ, ಒಂದು ಧಾರೆ ಹೊರಗೆ ಚಿಮ್ಮುತ್ತದಂತೆ. ಜೆಟ್ ಎನ್ನುತ್ತಾರೆ. ದೊಡ್ಡ ದೊಡ್ಡ ದುರ್ಬೀನುಗಳಿಗೆ ಅದು ಎಂದೋ ಸಿಕ್ಕಿದೆ. ಆದರೆ ಇವನಿಗೆ ತನ್ನ ಹಿತ್ತಲಿನಿಂದಲೇ ಸಿಗಬೇಕು!

ಪಕ್ಕದ ಮನೆಯ ದೀಪ ಅಡ್ಡಿಯಾಯಿತು. ಮೈಸೂರು ಪಾಕ್ ಒಯ್ದು ಕೊಟ್ಟು ಆರಿಸಲು ಕೇಳಿಕೊಂಡ. ಈಗ ಆ ಮನೆಯವರಿಗೆ ಮೈಸೂರು ಪಾಕ್ ತಿನ್ನಬೇಕೆನಿಸಿದಾಗಲೆಲ್ಲ ದೀಪ ಹತ್ತುತ್ತದೆ.

ಫೋಟೋಗಳನ್ನು ಸಿಕ್ಕವರಿಗೆಲ್ಲ ತೋರಿಸುತ್ತಾನೆ. ಮಸುಕಾದ ಬಿಳಿ ಉಂಡೆ, ಜೆಟ್ಟೂ ಇಲ್ಲ ಗಿಟ್ಟೂ ಇಲ್ಲ. "ಚೆನ್ನಾಗಿದೆ" ಎಂದು ಫೋನು ವಾಪಸು ಕೊಡುತ್ತೇವೆ.

ಕಳೆದ ಏಪ್ರಿಲ್‌ನಲ್ಲಿ ಅವನ ಮನೆಯಲ್ಲಿ ಸತ್ಯನಾರಾಯಣ ಪೂಜೆ. ಎಲ್ಲರೂ ಮೇಲೆ ಕಥೆ ಕೇಳುತ್ತಿದ್ದಾಗ ನಾನು ಮೆಲ್ಲಗೆ ಬೇಸ್‌ಮೆಂಟಿಗೆ ಇಳಿದೆ. ಕಂಪ್ಯೂಟರಿನಲ್ಲಿ ಉಂಡೆ ತೆರೆದೇ ಇತ್ತು. ಕುಚೇಷ್ಟೆಯಲ್ಲಿ ನನ್ನನ್ನು ಮೀರಿಸುವವರು ಇಡೀ ಒಂಟಾರಿಯೋದಲ್ಲಿ ಇಲ್ಲ, ಬಿಡಿ. ಮೌಸ್ ಹಿಡಿದು ಉಂಡೆಯಿಂದ ಒಂದು ಬಿಳಿ ಗೆರೆ ಎಳೆದೆ. ದಪ್ಪವಾಯಿತು, ಅಳಿಸಿದೆ. ಸೊಟ್ಟಗಾಯಿತು, ಮತ್ತೆ ಅಳಿಸಿದೆ. ಮೇಲೆ ಐದೂ ಅಧ್ಯಾಯ ಮುಗಿಯುವ ಹೊತ್ತಿಗೆ ಕೂದಲೆಳೆಯಂಥ ಜೆಟ್ ತಯಾರು!

ಮಂಗಳಾರತಿಯಾದ ಮೇಲೆ ಕೆಳಗಿಳಿದ ಷಡ್ಡಕ ಮೇಲೆ ಬರಲೇ ಇಲ್ಲ. ಕುಣಿಯುತ್ತಾನೆ ಎಂದುಕೊಂಡಿದ್ದೆ. ಹೋಗಿ ನೋಡಿದರೆ ಪರದೆಯ ಮುಂದೆ ಆ ಗೆರೆಯನ್ನೇ ನೋಡುತ್ತ ಕೂತಿದ್ದ. ಎಂಟು ವರ್ಷದ ಆಸೆಯ ಜೊತೆ ಆಟವಾಡಿದೆನಲ್ಲ ಎಂದು ಆಗ ಹೊಳೆಯಿತು.

"ಭಾವ, ಜೆಟ್ ಇರೋದು ಮೇಲೆ, ಬಲಗಡೆಗೆ. ನೀವು ಕೆಳಗೆ ಎಡಗಡೆಗೆ ಎಳೆದಿದೀರ."

ಸಿಕ್ಕಿಬಿದ್ದೆ. "ಅಳಿಸ್ಬಿಡಪ್ಪ, ತಪ್ಪಾಯ್ತು."

"ಒರಿಜಿನಲ್ ಬೇರೆ ಇದೆ, ಇದು ಹಿಂಗೇ ಇರ್ಲಿ." ತಿರುಗಿ ನನ್ನನ್ನು ನೋಡಿದ. "ಇಷ್ಟು ಸಣ್ಣಗೆ ಎಳೀಬೇಕಂದ್ರೆ ಒಂದು ಗಂಟೆ ಆದ್ರೂ ಇದನ್ನೇ ನೋಡಿರ್ತೀರ. ನನ್ನ ಫೋಟೋನ ಅಷ್ಟು ಹೊತ್ತು ಇದುವರೆಗೆ ಯಾರೂ ನೋಡಿರ್ಲಿಲ್ಲ, ಭಾವ."

ಮೇಲಿನಿಂದ ಊಟಕ್ಕೆ ಕರೆಯುತ್ತಿದ್ದರು. ನಾನು ಇನ್ನೊಂದು ಕುರ್ಚಿ ಎಳೆದುಕೊಂಡು ಅವನ ಪಕ್ಕ ಕೂತೆ.

"ಎಲ್ಲಿ, ನಿನ್ನ ಜೆಟ್ ಬಲಗಡೆ ಎಲ್ಲಿಂದ ಶುರುವಾಗುತ್ತೆ? ತೋರ್ಸು," ಎಂದೆ.